ಸಮತೂಕದ ಕೇಕು, ಅಸಮ ಪೋಷಣೆ

ಒಂದು ಪೌಂಡು ಬೆಣ್ಣೆ, ಒಂದು ಪೌಂಡು ಸಕ್ಕರೆ, ಒಂದು ಪೌಂಡು ಮೈದಾ, ಒಂದು ಪೌಂಡು ಮೊಟ್ಟೆ: ಈ ನಾಲ್ಕನ್ನು ಒಂದರ ಹಿಂದೊಂದಾಗಿ ಕಲಸಿ ಕಾವಿಗಿಟ್ಟರೆ ಪೌಂಡ್ ಕೇಕು ಸಿದ್ಧವಾಗುತ್ತದೆ. ಅಕ್ಷರ ಬಾರದ ಅಡುಗೆಯವರೂ ಮರೆಯದೆ ನೆನಪಿನಲ್ಲಿಟ್ಟುಕೊಳ್ಳಬಹುದಾದ ಈ ಪ್ರಮಾಣವು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಢಿಗೆ ಬಂದು, 1747ರಲ್ಲಿ ಮೊದಲು ಪ್ರಕಟವಾದ ಹ್ಯಾನಾ ಗ್ಲಾಸ್ ಎಂಬಾಕೆಯ ಸುಪ್ರಸಿದ್ಧ ಪಾಕಗ್ರಂಥದ ಮೂಲಕ ಮನೆಮಾತಾಗಿ, ಬಳಿಕ ವಲಸೆಗಾರರೊಡನೆ ಸಮುದ್ರವನ್ನು ದಾಟಿ, 1796ರಲ್ಲಿ ಅಮೆರಿಕದಲ್ಲಿ ಅಚ್ಚಾದ ಅಮೀಲಿಯ ಸಿಮ್ಮನ್ಸಳ ಪುಸ್ತಕದಲ್ಲಿ ಪನ್ನೀರಿನ ಪರಿಮಳದೊಡನೆ ಮತ್ತೆ ಕಾಣಿಸಿಕೊಂಡಿತು. ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿಯೂ ನಾಲ್ಕು ಸಮಪಾಲುಗಳ ಇಂಥದೇ ಕೇಕು ಪರಂಪರೆಯಿಂದ ನಡೆದುಬಂದಿದೆ.

ಈ ಕೇಕಿನಲ್ಲಿ ಪೋಷಕಾಂಶಗಳು ಎಷ್ಟೆಷ್ಟು ಉಂಟು ಎಂಬುದು ಮೇಲುನೋಟಕ್ಕೆ ಒಂದು ಕೋಷ್ಟಕದಿಂದ ತೀರಿಹೋಗುವ ಪ್ರಶ್ನೆಯಂತೆ ತೋರುತ್ತದೆ. ಆದರೆ ಇತರ ಭಕ್ಷ್ಯಗಳಿಗೆ ಇಲ್ಲದ ಒಂದು ವಿಶೇಷ ಸೌಕರ್ಯ ಇದಕ್ಕಿದೆ. ಹೋಳಿಗೆಯಲ್ಲಿ ಕಣಕವೆಷ್ಟು, ಹೂರಣವೆಷ್ಟು, ಸವರಿದ ಎಣ್ಣೆಯೆಷ್ಟು ಎಂಬುದು ಮಾಡಿದವರ ಕೈಯಳತೆಗೆ ಸೇರಿದ ವಿಷಯ. ಪೌಂಡ್ ಕೇಕಿನಲ್ಲಾದರೋ ಪ್ರತಿಯೊಂದು ವಸ್ತುವೂ ಸರಿಸಮವಾಗಿರುವುದರಿಂದ, ಯಾವ ಪ್ರಯೋಗಾಲಯದ ನೆರವೂ ಇಲ್ಲದೆ, ಸಂಕಲನ ಭಾಗಾಕಾರಗಳನ್ನು ಬಲ್ಲ ಯಾವ ಗೃಹಿಣಿಯೇ ಆಗಲಿ ವಿದ್ಯಾರ್ಥಿಯೇ ಆಗಲಿ ಅದರ ಸಾರವನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಹಾಗೆ ಲೆಕ್ಕ ಹಾಕಿದವರಿಗೆ ಸ್ಪಷ್ಟವಾಗುವ ಸಂಗತಿಯೇ ಈ ಬರಹದ ಮುಖ್ಯ ವಿಷಯ: ತಕ್ಕಡಿಯಲ್ಲಿ ಸಮನಾದವುಗಳು ದೇಹದಲ್ಲಿ ಸಮನಾಗಿರುವುದಿಲ್ಲ, ನಾಲ್ಕರಲ್ಲಿ ಒಂದು ಶಕ್ತಿಯ ಅರ್ಧಕ್ಕೆ ಸಮೀಪದ ಪಾಲನ್ನು ಹೊತ್ತು ತರುತ್ತದೆ, ಮತ್ತೊಂದು ಅತ್ಯಲ್ಪ ಶಕ್ತಿಯನ್ನು ತಂದರೂ ಪೋಷಣೆಯ ಅತಿದೊಡ್ಡ ಪಾಲನ್ನು ಕೊಡುತ್ತದೆ.

ಇಂಥ ಲೆಕ್ಕವನ್ನು ಸಾಧ್ಯವಾಗಿಸಿದ ವಿದ್ವಾಂಸರನ್ನು ಇಲ್ಲಿ ಸ್ಮರಿಸುವುದು ಉಚಿತ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಅಮೆರಿಕದ ಮಿಡ್ಲ್‌ಟೌನ್ ಎಂಬ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞನು ರೋಸಾ ಎಂಬ ಭೌತವಿಜ್ಞಾನಿಯೊಡಗೂಡಿ, ಮನುಷ್ಯನೊಬ್ಬನು ದಿನಗಟ್ಟಲೆ ಒಳಗೇ ವಾಸಮಾಡಬಹುದಾದ ಕೋಷ್ಠವೊಂದನ್ನು ನಿರ್ಮಿಸಿ, ಅವನು ತಿಂದುದೆಷ್ಟು, ಉಸಿರಾಡಿದುದೆಷ್ಟು, ಹೊರಸೂಸಿದ ಉಷ್ಣವೆಷ್ಟು ಎಂಬುದನ್ನೆಲ್ಲ ಅಳೆದು ನೋಡಿದನು. ಪ್ರೋಟೀನು ಮತ್ತು ಶರ್ಕರಪಿಷ್ಟಗಳು ಗ್ರಾಮೊಂದಕ್ಕೆ 4 ಕಿಲೋಕ್ಯಾಲೊರಿಗಳನ್ನೂ ಮೇದಸ್ಸು 9 ಕಿಲೋಕ್ಯಾಲೊರಿಗಳನ್ನೂ ಕೊಡುತ್ತವೆ ಎಂದು ಇಂದಿಗೂ ನಾವು ಪುಸ್ತಕಗಳಲ್ಲಿ ಓದುವ ಸಂಖ್ಯೆಗಳು ಆತನ ಪರಿಶ್ರಮದ ಫಲ. ನಮ್ಮ ದೇಶದಲ್ಲಿ ಈ ವಿದ್ಯೆಗೆ ನೀಲಗಿರಿಯ ಕೂನೂರು ತವರಾಯಿತು. ಮೆಕ್ಯಾರಿಸನ್ ಎಂಬ ವೈದ್ಯರು ಅಡಿಗಲ್ಲಿಟ್ಟ ಅಲ್ಲಿನ ಪ್ರಯೋಗಾಲಯದಿಂದ, ಏಕ್ರಾಯ್ಡ್ ಎಂಬ ಪೋಷಣವಿಜ್ಞಾನಿಯ ನೇತೃತ್ವದಲ್ಲಿ, ಭಾರತೀಯ ಆಹಾರಗಳ ಪೋಷಣಮೌಲ್ಯದ ಕೋಷ್ಟಕಗಳು 1937ರಲ್ಲಿ ಹೊರಬಂದವು. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಗಿದೆ.

ಇನ್ನು ಲೆಕ್ಕ. ಪೌಂಡೆಂದರೆ ಸುಮಾರು 454 ಗ್ರಾಂ. ಅನುಕೂಲಕ್ಕಾಗಿ ಅದನ್ನು ಬದಿಗಿಟ್ಟು ಪ್ರತಿಯೊಂದರಿಂದಲೂ 100 ಗ್ರಾಂ ತೆಗೆದುಕೊಳ್ಳೋಣ. ಬೆಣ್ಣೆಯಿಂದ ಸುಮಾರು 717 ಕಿಲೋಕ್ಯಾಲೊರಿ, ಸಕ್ಕರೆಯಿಂದ 387, ಮೈದಾದಿಂದ 364, ಮೊಟ್ಟೆಯಿಂದ ಕೇವಲ 143, ಒಟ್ಟು 1611. ಎಂದರೆ ತೂಕದಲ್ಲಿ ಕಾಲು ಭಾಗವಾದ ಬೆಣ್ಣೆ ಶಕ್ತಿಯಲ್ಲಿ ನೂರಕ್ಕೆ ನಲವತ್ತನಾಲ್ಕರಷ್ಟನ್ನು ಆಕ್ರಮಿಸಿಕೊಂಡಿದೆ. ಅಷ್ಟೇ ತೂಗುವ ಮೊಟ್ಟೆಯ ಪಾಲು ನೂರಕ್ಕೆ ಒಂಬತ್ತನ್ನೂ ಮುಟ್ಟುವುದಿಲ್ಲ. ಪ್ರೋಟೀನಿನ ಲೆಕ್ಕಕ್ಕೆ ಬಂದರೆ ಚಿತ್ರವೇ ತಿರುವುಮುರುವಾಗುತ್ತದೆ. ನಾಲ್ಕೂ ವಸ್ತುಗಳಿಂದ ದೊರೆಯುವ ಸುಮಾರು 24 ಗ್ರಾಂ ಪ್ರೋಟೀನಿನಲ್ಲಿ ಮೊಟ್ಟೆಯದು 12.6 ಗ್ರಾಂ, ಮೈದಾದ್ದು 10.3 ಗ್ರಾಂ, ಬೆಣ್ಣೆಯ ಪಾಲು ಗ್ರಾಮಿನಷ್ಟೂ ಇಲ್ಲ, ಸಕ್ಕರೆಯದು ಶೂನ್ಯ.

ಹಿಟ್ಟು ಕಾವಿನಲ್ಲಿ ಬೇಯುವಾಗ ನೀರಿನ ಒಂದಂಶ ಆವಿಯಾಗಿ ಹೋಗಿ, 400 ಗ್ರಾಂ ಕಲಸಿದ್ದು ಹೆಚ್ಚುಕಡಮೆ 360 ಗ್ರಾಂ ಕೇಕಾಗಿ ಉಳಿಯುತ್ತದೆ. ನೀರು ಹೋದರೂ ಶಕ್ತಿ ಹೋಗುವುದಿಲ್ಲವಾದ ಕಾರಣ, ಬೆಂದ ಕೇಕಿನ 100 ಗ್ರಾಮಿನಲ್ಲಿ ಸುಮಾರು 450 ಕಿಲೋಕ್ಯಾಲೊರಿ, 25 ಗ್ರಾಂ ಮೇದಸ್ಸು, 49 ಗ್ರಾಂ ಶರ್ಕರಪಿಷ್ಟ, ಅದರೊಳಗೆ 28 ಗ್ರಾಂ ಸಕ್ಕರೆ, ಆರೂವರೆ ಗ್ರಾಂ ಪ್ರೋಟೀನು ಇರುತ್ತವೆ. ನಾರಿನಂಶ ಒಂದು ಗ್ರಾಮನ್ನೂ ಮುಟ್ಟುವುದಿಲ್ಲ. ಹಳೆಯ ಪ್ರಮಾಣದಂತೆ ನಾಲ್ಕು ಪೌಂಡಿನ ಇಡೀ ಕೇಕನ್ನು ಮಾಡಿದರೆ ಅದರಲ್ಲಿ 7300 ಕಿಲೋಕ್ಯಾಲೊರಿಗಳು ಅಡಗಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದ ಅಂದಾಜಿನಂತೆ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಬೇಕಾದುದು 2110 ಕಿಲೋಕ್ಯಾಲೊರಿ, ಹೆಂಗಸಿಗೆ 1660. ಆ ಗಂಡಸಿನ ಮೂರೂವರೆ ದಿನಗಳ ಆಹಾರದ ಶಕ್ತಿ ಒಂದೇ ಕೇಕಿನಲ್ಲಿದೆಯೆಂದ ಮೇಲೆ, ಅದು ತುಂಬು ಸಂಸಾರಕ್ಕೂ ಬಂದ ನೆಂಟರಿಷ್ಟರಿಗೂ ಹಂಚಿ ಮುಗಿಸುವ ಉದ್ದೇಶದಿಂದ ಹುಟ್ಟಿದ ತಿನಿಸೆಂಬುದರಲ್ಲಿ ಸಂದೇಹವಿಲ್ಲ.

ಆದಕಾರಣ ಗಮನಿಸಬೇಕಾದುದು ಹೋಳಿನ ಗಾತ್ರ. ಉದ್ದನೆಯ ತಗಡಿನ ಅಚ್ಚಿನಲ್ಲಿ ಬೆಂದ ಕೇಕನ್ನು ಕಿರುಬೆರಳಿನ ಅಗಲಕ್ಕೆ, ಎಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ಮುಳ್ಳು 60 ಗ್ರಾಮಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ತಟ್ಟೆಯಲ್ಲಿ ಅದು ಬಡವಾಗಿ ಕಾಣುತ್ತದೆ. ಬಡಿಸುವವರ ಕೈ ಸಹಜವಾಗಿಯೇ ಇನ್ನಷ್ಟು ದಪ್ಪಕ್ಕೆ ಚಾಕುವನ್ನು ಸರಿಸುತ್ತದೆ. ಆದರೆ ಬಡವಾಗಿ ಕಾಣುವ ಆ ತೆಳುಹೋಳಿನಲ್ಲಿಯೇ 270 ಕಿಲೋಕ್ಯಾಲೊರಿ, 15 ಗ್ರಾಂ ಮೇದಸ್ಸು, ಸುಮಾರು 17 ಗ್ರಾಂ ಸಕ್ಕರೆ ಇವೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಕ್ಕರೆಯನ್ನು ಕುರಿತು ಹೇಳಿದ ಮಿತಿ ದಿನದ ಶಕ್ತಿಯ ಹತ್ತನೆಯ ಒಂದು ಪಾಲು, ಸಾಧ್ಯವಾದರೆ ಇಪ್ಪತ್ತನೆಯ ಒಂದು ಪಾಲು. 2000 ಕಿಲೋಕ್ಯಾಲೊರಿ ಉಣ್ಣುವವರಿಗೆ ಇದು 50 ಗ್ರಾಂ, ಅಥವಾ 25 ಗ್ರಾಂ ಆಯಿತು. ಕಾಫಿಗೆ ಹಾಕಿದ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ, ತೆಳುವಾದ ಒಂದು ಹೋಳು ಎರಡನೆಯ ಮಿತಿಯ ಮೂರರಲ್ಲಿ ಎರಡು ಪಾಲನ್ನು ತೀರಿಸಿಬಿಡುತ್ತದೆ. ಮಧುಮೇಹವುಳ್ಳವರು ಸಕ್ಕರೆಯನ್ನು ಮಾತ್ರವಲ್ಲದೆ ಮೈದಾವನ್ನೂ ಕೂಡಿಸಿಕೊಂಡು, ಹೋಳೊಂದಕ್ಕೆ ಸುಮಾರು 30 ಗ್ರಾಂ ಶರ್ಕರಪಿಷ್ಟವೆಂದು ಎಣಿಸಿಕೊಳ್ಳತಕ್ಕದ್ದು.

ಇಷ್ಟನ್ನು ಓದಿದವರು, ಹಾಗಾದರೆ ಬೆಣ್ಣೆಯನ್ನು ಅರ್ಧಕ್ಕಿಳಿಸಿಬಿಟ್ಟರೆ ಆಯಿತಲ್ಲ ಎಂದು ಕೇಳುವುದು ಸಹಜ. ಬೆಣ್ಣೆ ಇಲ್ಲಿ ರುಚಿಗಾಗಿ ಸೇರಿಸಿದ ಅಲಂಕಾರವಾಗಿದ್ದರೆ ಆ ಸಲಹೆ ಸಾಧುವಾಗುತ್ತಿತ್ತು. ಆದರೆ ಅಡುಗೆ ಸೋಡವಾಗಲಿ ಬೇಕಿಂಗ್ ಪೌಡರಾಗಲಿ ಇಲ್ಲದಿದ್ದ ಕಾಲದಲ್ಲಿ ಈ ಕೇಕು ಉಬ್ಬುತ್ತಿದ್ದುದು ಬೆಣ್ಣೆಯೊಳಗೆ ಸೆರೆಯಾದ ಗಾಳಿಯಿಂದ. ಗ್ಲಾಸಳು ಬೆಣ್ಣೆಯನ್ನು ಒಂದೇ ದಿಕ್ಕಿನಲ್ಲಿ ಕೈಯಿಂದ ಕಡೆದು ಗಟ್ಟಿ ಕೆನೆಯಂತಾಗಿಸಬೇಕೆಂದೂ, ಎಲ್ಲವನ್ನೂ ಸೇರಿಸಿದ ಮೇಲೆ ಒಂದು ಗಂಟೆಯ ಕಾಲ ಬಡಿಯಬೇಕೆಂದೂ ವಿಧಿಸುತ್ತಾಳೆ; ಕೈ ಸೋಲುವ ಆ ಕೆಲಸವನ್ನು ಮಾಡುತ್ತಿದ್ದ ಅಡುಗೆಯ ಹೆಂಗಸರ ಶ್ರಮವನ್ನು ಯಾವ ಪೋಷಣ ಕೋಷ್ಟಕವೂ ತೋರಿಸುವುದಿಲ್ಲ. ಮೃದುವಾದ ಬೆಣ್ಣೆಯಲ್ಲಿ ಸಕ್ಕರೆಯ ಹರಳುಗಳು ತಮ್ಮ ಚೂಪಾದ ಅಂಚುಗಳಿಂದ ನೇಗಿಲಿನಂತೆ ಸಾಲು ಹೊಡೆಯುತ್ತ ಹೋದಾಗ, ಆ ಸಾಲುಗಳಲ್ಲಿ ಗಾಳಿಯ ಸೂಕ್ಷ್ಮ ಗುಳ್ಳೆಗಳು ನೆಲಸುತ್ತವೆ. ಕಾವು ಏರಿದಂತೆ ಬೆಣ್ಣೆಯೊಳಗಿನ ನೂರಕ್ಕೆ ಹದಿನಾರು ಭಾಗದಷ್ಟು ನೀರೂ ಮೊಟ್ಟೆಯ ನೀರೂ ಆವಿಯಾಗಿ ಆ ಗುಳ್ಳೆಗಳನ್ನು ಹಿಗ್ಗಿಸುತ್ತವೆ. ಅಷ್ಟೇ ಅಲ್ಲ, ಹಿಟ್ಟಿನ ಕಣಗಳಿಗೆ ಜಿಡ್ಡು ಲೇಪವಾಗುವುದರಿಂದ ಗೋಧಿಯ ಅಂಟು ಬಲಿತು ನಾರುನಾರಾಗುವುದು ತಪ್ಪುತ್ತದೆ. ಬೆಣ್ಣೆಯನ್ನು ಅರ್ಧಮಾಡಿದವರಿಗೆ ದೊರೆಯುವುದು ಬೇರೊಂದು ತಿನಿಸು. ಅದು ಬಿಗಿಯಾದ ಸಿಹಿ ಬ್ರೆಡ್ಡು. ಮಿತಿಯನ್ನು ಪಾತ್ರೆಯಲ್ಲಿ ಪಾಲಿಸುವುದಕ್ಕಿಂತ ತಟ್ಟೆಯಲ್ಲಿ ಪಾಲಿಸುವುದೇ ಮೇಲೆಂದು ನನ್ನ ನಿಶ್ಚಿತ ಅಭಿಪ್ರಾಯ.

ನಮ್ಮ ಮನೆಗಳಲ್ಲಿ ಕೆಲವರು ಬೆಣ್ಣೆಯ ಬದಲು ಅಷ್ಟೇ ತೂಕದ ತುಪ್ಪವನ್ನು ಹಾಕುವುದುಂಟು. ತುಪ್ಪದಲ್ಲಿ ನೀರಿಲ್ಲ, 100 ಗ್ರಾಮಿಗೆ ಸುಮಾರು 900 ಕಿಲೋಕ್ಯಾಲೊರಿ. ಹೀಗೆ ಮಾಡುವವರು ಜಿಡ್ಡನ್ನು ಐದರಲ್ಲೊಂದರಷ್ಟು ಕಡಮೆಮಾಡಿ, ಆ ಕೊರತೆಯನ್ನು ಹಾಲಿನಿಂದ ತುಂಬಿದರೆ ಲೆಕ್ಕವೂ ಹದವೂ ಸರಿಹೋಗುತ್ತವೆ.

ಬೆಣ್ಣೆಯ ಮೇದಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪರ್ಯಾಪ್ತ ಜಾತಿಗೆ ಸೇರಿದ್ದು. ಕೋಣೆಯ ಉಷ್ಣದಲ್ಲಿ ಗಟ್ಟಿಯಾಗಿ ನಿಲ್ಲುವ ಈ ಬಗೆಯ ಕೊಬ್ಬು ಮಿತಿಮೀರಿದಾಗ ರಕ್ತದಲ್ಲಿ ಕೆಟ್ಟದೆಂದು ಹೆಸರಾದ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆಂಬುದು ವೈದ್ಯರು ಬಹುಮಟ್ಟಿಗೆ ಒಪ್ಪಿರುವ ಮಾತು. ನಮ್ಮ 60 ಗ್ರಾಂ ಹೋಳಿನಲ್ಲಿ ಅದು ಸುಮಾರು 9 ಗ್ರಾಂ. 2000 ಕಿಲೋಕ್ಯಾಲೊರಿಯ ಆಹಾರಕ್ಕೆ ಹೇಳಿರುವ ದಿನದ ಮಿತಿ 22 ಗ್ರಾಂ. ಆಹಾರದೊಳಗಿನ ಕೊಲೆಸ್ಟರಾಲಿನ ವಿಷಯದಲ್ಲಿಯಾದರೋ ಅಭಿಪ್ರಾಯ ಈಚೆಗೆ ಬದಲಾಗಿದೆ. ಹೋಳೊಂದರಲ್ಲಿರುವ ಸುಮಾರು 100 ಮಿಲಿಗ್ರಾಮಿನ ಬಹುಪಾಲು ಮೊಟ್ಟೆಯಿಂದ ಬಂದುದಾದರೂ, ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಹಳೆಯ ನಿಯಮವನ್ನು ಅಮೆರಿಕದ ಆಹಾರ ಮಾರ್ಗಸೂಚಿಯು 2015ರ ಆವೃತ್ತಿಯಲ್ಲಿ ಕೈಬಿಟ್ಟು, ಪರ್ಯಾಪ್ತ ಕೊಬ್ಬಿನ ಕಡೆಗೇ ಹೆಚ್ಚಿನ ಎಚ್ಚರವನ್ನು ತಿರುಗಿಸಿತು. ಹೀಗಾಗಿ ಈ ಕೇಕಿನ ವಿಷಯದಲ್ಲಿ ಮೊಟ್ಟೆಯನ್ನು ದೂರುವವರು ಬೆಣ್ಣೆಯ ಮೇಲಿರಬೇಕಾದ ದೂರನ್ನು ಅದರ ಮೇಲೆ ಹೊರಿಸುತ್ತಾರೆ.

ಮೊಟ್ಟೆಯ ಉಪಕಾರ ಇಲ್ಲಿ ಸಾಮಾನ್ಯವಾದುದಲ್ಲ. ಹಳದಿಯ ಭಾಗದಲ್ಲಿರುವ ಲೆಸಿಥಿನ್ ಎಂಬ ದ್ರವ್ಯವು ಪರಸ್ಪರ ಒಲ್ಲದ ಜಿಡ್ಡನ್ನೂ ನೀರನ್ನೂ ಒಂದಾಗಿ ಬೆಸೆಯುತ್ತದೆ. ಬಿಳಿಯ ಭಾಗವು ಕಾವಿನಲ್ಲಿ ಹೆಪ್ಪುಗಟ್ಟಿ ಗುಳ್ಳೆಗಳ ಗೋಡೆಗಳನ್ನು ನಿಲ್ಲಿಸುತ್ತದೆ. ಪೋಷಣೆಯ ದೃಷ್ಟಿಯಿಂದ ಇದಕ್ಕೂ ಮಿಗಿಲಾದ ಇನ್ನೊಂದು ಸೇವೆಯುಂಟು. ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅತ್ಯಾವಶ್ಯಕ ಅಮೈನೋ ಆಮ್ಲದ ಕೊರತೆಯಿದೆ. ಮೊಟ್ಟೆಯಲ್ಲಿ ಅದು ಸಮೃದ್ಧವಾಗಿರುವುದರಿಂದ, ಎರಡೂ ಕೂಡಿದಾಗ ಗೋಧಿಯ ಪ್ರೋಟೀನು ಒಂಟಿಯಾಗಿದ್ದಾಗ ಕೊಡಲಾರದ ಫಲವನ್ನು ಕೊಡುತ್ತದೆ. ಸಸ್ಯಾಹಾರದಲ್ಲಿ ವಿರಳವಾದ ಬಿ12 ಜೀವಸತ್ವ, ಕೋಲೀನ್, ಎ ಮತ್ತು ಡಿ ಜೀವಸತ್ವಗಳ ಒಂದಂಶವೂ ಮೊಟ್ಟೆಯಿಂದಲೇ ಬರುತ್ತವೆ. ಎ ಜೀವಸತ್ವದ ಹೆಚ್ಚಿನ ಪಾಲನ್ನು ಕೊಡುವ ಪುಣ್ಯ ಮಾತ್ರ ಬೆಣ್ಣೆಗೆ ಸೇರಿದ್ದು.

ಸಕ್ಕರೆಯನ್ನು ಕುರಿತು ಹೇಳಬೇಕಾದುದು ಅಲ್ಪ: ಅದು ಶಕ್ತಿಯನ್ನು ಕೊಡುತ್ತದೆ, ತೇವವನ್ನು ಹಿಡಿದಿಡುತ್ತದೆ, ಪೋಷಣೆಗೆ ಮತ್ತೇನನ್ನೂ ಕೊಡುವುದಿಲ್ಲ. ಮೈದಾವೂ ಪೋಷಣೆಯಲ್ಲಿ ದರಿದ್ರವೇ. ಗಿರಣಿಯಲ್ಲಿ ಗೋಧಿಯ ತವಡನ್ನೂ ಮೊಳಕೆಯನ್ನೂ ಬೇರ್ಪಡಿಸಿದಾಗ ಬಿ ಗುಂಪಿನ ಜೀವಸತ್ವಗಳೂ ಕಬ್ಬಿಣಾಂಶವೂ ನಾರೂ ಅವುಗಳೊಡನೆ ಹೊರಟುಹೋಗುತ್ತವೆ. ಇಡೀ ಗೋಧಿಯ ಹಿಟ್ಟಿನ 100 ಗ್ರಾಮಿನಲ್ಲಿ 11 ಗ್ರಾಮಿನಷ್ಟಿರುವ ನಾರು ಮೈದಾದಲ್ಲಿ ಮೂರನ್ನೂ ಮುಟ್ಟುವುದಿಲ್ಲ. ಸಿ ಜೀವಸತ್ವವಂತೂ ಈ ನಾಲ್ಕರಲ್ಲಿ ಯಾವುದರಲ್ಲಿಯೂ ಇಲ್ಲ. ಕೇಕಿನ ಪಕ್ಕದಲ್ಲಿ ಕಿತ್ತಳೆಯ ತೊಳೆಗಳನ್ನೋ ಸೀಬೆಯ ಹೋಳುಗಳನ್ನೋ ಇಡುವವರು, ಕೇಕು ಕೊಡಲಾರದ ಎರಡು ವಸ್ತುಗಳನ್ನು ಒಂದೇ ಸಲಕ್ಕೆ ತಂದಿಟ್ಟಂತಾಗುತ್ತದೆ.

ಈವರೆಗೆ ಹೇಳಿದುದೆಲ್ಲ ನಾಲ್ಕು ವಸ್ತುಗಳ ಪ್ರಾಮಾಣಿಕ ಕೇಕನ್ನು ಕುರಿತದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ನೂತನ ವಸ್ತುಗಳು ಬಂದು ಇದರ ಒಳಗನ್ನು ಬದಲಾಯಿಸಿದವು. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬಾತನು ಬೇಕಿಂಗ್ ಪೌಡರನ್ನು ರೂಪಿಸಿದ ಮೇಲೆ, ಗಂಟೆಗಟ್ಟಲೆ ಬಡಿಯುವ ಶ್ರಮ ತಪ್ಪಿತು. ಅದರೊಡನೆ ಬೆಣ್ಣೆ ಮೊಟ್ಟೆಗಳನ್ನು ಕಡಮೆ ಮಾಡಿ ಹಾಲನ್ನೋ ನೀರನ್ನೋ ಹೆಚ್ಚಿಸುವ ದಾರಿಯೂ ತೆರೆಯಿತು. ಕಾರ್ಖಾನೆಯ ಪೌಂಡ್ ಕೇಕುಗಳ ಶಕ್ತಿ ಅನೇಕ ವೇಳೆ 100 ಗ್ರಾಮಿಗೆ 400 ಕಿಲೋಕ್ಯಾಲೊರಿಗಿಂತ ಕೆಳಗಿರುವುದಕ್ಕೆ ಇದೇ ಕಾರಣ. ಸೋಡ ಮಿತಿಮೀರಿದರೆ ಇನ್ನೊಂದು ಹಾನಿಯುಂಟು. ಕ್ಷಾರದೊಡನೆ ಕಾವು ಸೇರಿದಾಗ ಮೈದಾದಲ್ಲಿ ಅಳಿದುಳಿದ ಬಿ1 ಜೀವಸತ್ವವೂ ನಾಶವಾಗುತ್ತದೆ.

ಎರಡನೆಯದು ಬೆಣ್ಣೆಯ ಪ್ರತಿನಿಧಿ. 1869ರಲ್ಲಿ ಫ್ರಾನ್ಸಿನಲ್ಲಿ ಮೆಜ್ ಮೂರಿಯೆ ಎಂಬಾತನು ಮಾರ್ಗರೀನನ್ನು ಕಂಡುಹಿಡಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿಮಾಡುವ ವಿಧಾನ ಬಂದಿತು. ನಮ್ಮಲ್ಲಿ 1937ರಿಂದ ಡಾಲ್ಡಾ ಎಂಬ ಹೆಸರಿನಿಂದ ವನಸ್ಪತಿಯು ಮನೆಮನೆಯನ್ನೂ ಮಿಠಾಯಿ ಅಂಗಡಿಗಳನ್ನೂ ಹೊಕ್ಕಿತು. ಹೀಗೆ ಅರೆಬರೆಯಾಗಿ ಗಟ್ಟಿಮಾಡಿದ ಎಣ್ಣೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆಂಬುದು ತಿಳಿದುಬರುವ ವೇಳೆಗೆ ದಶಕಗಳೇ ಕಳೆದಿದ್ದವು. ಬೆಣ್ಣೆಯಲ್ಲಿಯೂ ಅದು ಪ್ರಕೃತಿಸಹಜವಾಗಿ ಸ್ವಲ್ಪ ಇದೆ. ಆದರೆ ಹಳೆಯ ವನಸ್ಪತಿಯಲ್ಲಿದ್ದುದಕ್ಕೆ ಅದು ಸಾಟಿಯಲ್ಲ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ನೂರಕ್ಕೆ ಎರಡನ್ನು ಮೀರಕೂಡದೆಂಬ ಕಟ್ಟಳೆ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬಹಳ ತಡವಾಗಿ ಬಂದರೂ ಬಹಳ ಬೇಕಾಗಿದ್ದ ನಿಯಮವಿದು.

ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆಯನ್ನು ಹೇಳುತ್ತೇನೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ಕಾನೂನು. ನಿಜವಾದ ಪೌಂಡ್ ಕೇಕಿನಲ್ಲಿ ಬೆಣ್ಣೆ ಯಾವುದಕ್ಕೂ ಹಿಂದೆ ಬೀಳುವಂತಿಲ್ಲ. ಸಕ್ಕರೆ, ಮೈದಾ, ಖಾದ್ಯ ವನಸ್ಪತಿ ಕೊಬ್ಬು ಎಂದು ಆರಂಭವಾಗಿ, ಬೆಣ್ಣೆಯ ಹೆಸರು ಉಪ್ಪಿನ ಹತ್ತಿರಕ್ಕೆ ಬಂದಾಗ ಕಾಣಿಸಿಕೊಂಡರೆ, ಒಳಗಿರುವುದು ಬೇರೊಂದು ಕೇಕು. ಬಾಯಿಗಿಟ್ಟರೂ ಭೇದ ತಿಳಿಯುತ್ತದೆ: ಬೆಣ್ಣೆ ಮೈಯ ಉಷ್ಣಕ್ಕಿಂತ ಕೆಳಗೇ ಕರಗಿ ನಾಲಗೆಯಿಂದ ಜಾರಿಹೋಗುತ್ತದೆ, ಅದಕ್ಕಿಂತ ಹೆಚ್ಚಿನ ಉಷ್ಣದಲ್ಲಿ ಕರಗುವ ಗಟ್ಟಿ ಕೊಬ್ಬು ಅಂಗುಳಿನ ಮೇಲೆ ಮೇಣದ ಪೊರೆಯನ್ನು ಉಳಿಸಿಬಿಡುತ್ತದೆ.

ಕರ್ನಾಟಕದ ಓದುಗರಿಗೆ ಸಂಬಂಧಿಸಿದ ಇನ್ನೊಂದು ವಿಚಾರ ಉಳಿದಿದೆ. ಹಾಸನ ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಗೊಂಡ ಅಯ್ಯಂಗಾರ್ ಮನೆತನಗಳು ಬೇಕರಿಯ ವೃತ್ತಿಯನ್ನು ಕೈಗೊಂಡು, ಮೊಟ್ಟೆಯನ್ನು ಮುಟ್ಟದ ಲಕ್ಷಾಂತರ ಜನರಿಗೆ ಕೇಕಿನ ರುಚಿಯನ್ನು ಪರಿಚಯಿಸಿದವು. ಅದು ನಾಡಿನ ಆಹಾರಪದ್ಧತಿಗೆ ಅವರು ಸಲ್ಲಿಸಿದ ದೊಡ್ಡ ಸೇವೆ. ಆದರೆ ಮೊಟ್ಟೆಯಿಲ್ಲದ ಕೇಕು ಹಗುರವಾದುದು, ಆದಕಾರಣ ಎರಡು ಹೋಳು ತಿಂದರೂ ಬಾಧಕವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮೊದಲಿನ ಲೆಕ್ಕದಲ್ಲಿ 100 ಗ್ರಾಂ ಮೊಟ್ಟೆಯನ್ನು ತೆಗೆದು 100 ಗ್ರಾಂ ಮೊಸರನ್ನು ಹಾಕಿ ನೋಡೋಣ. ಶಕ್ತಿ 1611ರಿಂದ ಸುಮಾರು 1530ಕ್ಕೆ ಇಳಿಯುತ್ತದೆ. ನೂರಕ್ಕೆ ಐದರಷ್ಟು ವ್ಯತ್ಯಾಸ. ಬೆಣ್ಣೆ, ಸಕ್ಕರೆ, ಮೈದಾಗಳು ಇದ್ದಲ್ಲಿಯೇ ಇವೆ. ಆದರೆ ಪ್ರೋಟೀನು 24 ಗ್ರಾಮಿನಿಂದ 14ಕ್ಕೆ ಕುಸಿಯುತ್ತದೆ. ಲೈಸಿನ್ನಿನ ಬೆಂಬಲವೂ ಬಹುಮಟ್ಟಿಗೆ ತಪ್ಪುತ್ತದೆ. ಕೊಲೆಸ್ಟರಾಲು ಅರ್ಧಕ್ಕಿಂತ ಕೆಳಗೆ ಬರುತ್ತದೆಂಬುದು ನಿಜ, ಮೊಸರಿನಿಂದ ಸ್ವಲ್ಪ ಸುಣ್ಣಾಂಶ ಲಭಿಸುತ್ತದೆಂಬುದೂ ನಿಜ. ಆದರೂ ಒಟ್ಟಿನಲ್ಲಿ ಕಳೆದುಕೊಂಡದ್ದು ಪೋಷಣೆ, ಉಳಿದುಕೊಂಡದ್ದು ಶಕ್ತಿ.

ಈ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ 100 ಗ್ರಾಮಿಗೆ 36 ಗ್ರಾಂ ಪ್ರೋಟೀನಿದೆ, ಲೈಸಿನ್ನೂ ಧಾರಾಳವಾಗಿದೆ. ಮೇಲಿನ ಅಳತೆಗೆ ಅದರಿಂದ 25 ಗ್ರಾಂ ಸೇರಿಸಿದರೆ 9 ಗ್ರಾಂ ಪ್ರೋಟೀನು ಮರಳಿ ಬಂದು, ಕೇಕು ಈ ಒಂದು ವಿಷಯದಲ್ಲಾದರೂ ತನ್ನ ಮೂಲದ ಸಮೀಪಕ್ಕೆ ನಿಲ್ಲುತ್ತದೆ; ಶಕ್ತಿಯೂ ಹಳೆಯ ಮಟ್ಟಕ್ಕೇ ಏರುವುದರಿಂದ ಹೋಳಿನ ದಪ್ಪ ಮಾತ್ರ ಮೊದಲಿನಷ್ಟೇ ಇರಬೇಕು. ಬೇಯಿಸುವವರು ಒಂದನ್ನು ನೆನಪಿಡಬೇಕು. ಸಿಹಿಯೂ ಲೈಸಿನ್ನೂ ಕಾವಿನಲ್ಲಿ ಸಂಧಿಸಿದಾಗಲೇ, 1912ರಲ್ಲಿ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿ ವರ್ಣಿಸಿದ ಕ್ರಿಯೆಯಿಂದ, ಕೇಕಿನ ಮೇಲ್ಪದರ ಕಂದುಬಣ್ಣಕ್ಕೆ ತಿರುಗುವುದು. ಬಣ್ಣ ಗಾಢವಾದಷ್ಟೂ ಆ ಪದರದ ಲೈಸಿನ್ ವ್ಯರ್ಥವಾಗುತ್ತದೆ. ಹಾಲಿನ ಪುಡಿ ಬಿದ್ದ ಹಿಟ್ಟು ಬೇಗನೆ ಕೆಂಪಾಗುವುದರಿಂದ ಒಲೆಯ ಕಾವನ್ನು ತುಸು ತಗ್ಗಿಸಿ, ಬೇಯುವ ಹೊತ್ತನ್ನು ತುಸು ಹೆಚ್ಚಿಸುವುದು ಒಳ್ಳೆಯದು.